ಕಷ್ಟದ ಗಂಟಲುಗಳಿಗೆ ನಮಸ್ಕಾರ

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ. ನನ್ನ ಪಾಲಿಗೆ ಹಾಗೆ ಗಂಟಲುಗಳು ಬರುತ್ತಿದ್ದವು. ಸಾಧಾರಣ ಗಂಟಲುಗಳಲ್ಲ, ದೀಪ ಹಿಡಿದು ಇಣುಕಿದರೂ ಒಳಗೇನಿದೆ ಎಂದು ತೋರಿಸದಂಥವು. ಒಂದನ್ನು ಸಂಭಾಳಿಸಿ ಉಸ್ಸಪ್ಪಾ ಎಂದು ಕೂರುವಷ್ಟರಲ್ಲಿ ಇನ್ನೊಂದು ಬಂದು ಹೊರಗಿನ ಬೆಂಚಿನ ಮೇಲೆ ಕಾಯುತ್ತಿರುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದರಾಸಿನಲ್ಲಿ ಅರಿವಳಿಕೆಯ ವಿದ್ಯೆ ಕಲಿತು ಶಿವಮೊಗ್ಗದ ಒಂದು ಆಸ್ಪತ್ರೆಗೆ ಬಂದಿದ್ದೆ. ಆಗ ಆಪರೇಷನ್ ಎಂದರೆ ರೋಗಿಯ ಮೂಗಿನ ಮೇಲೆ ಬಟ್ಟೆಯ ಮುಸುಕು ಹಾಕಿ ಈಥರ್ ಹನಿಸುವುದು. ರೋಗಿಗೆ ನಿದ್ದೆ ಬರುತ್ತಿತ್ತು, ಒಮ್ಮೊಮ್ಮೆ ಹನಿಸುತ್ತಿದ್ದವರಿಗೂ ಬರುತ್ತಿತ್ತು. ನಾನು ಕಲಿತು ಬಂದದ್ದು ಬೇರೆ. ನಿದ್ದೆ ಬಂದ ಮೇಲೆ ದೀಪವಿರುವ ಬಾಗಿದ ಅಲಗೊಂದನ್ನು ಬಾಯೊಳಗೆ ಇಳಿಸಿ, ನಾಲಗೆ ಎತ್ತಿ, ಧ್ವನಿಪೆಟ್ಟಿಗೆಯ ನಡುವಿನ ಸಂದಿಯಲ್ಲಿ ಕೆಂಪು ರಬ್ಬರಿನ ನಳಿಗೆಯನ್ನು ಶ್ವಾಸನಾಳಕ್ಕೆ ದಾಟಿಸುವುದು. ನಳಿಗೆ ದಾಟಿದರೆ ಉಸಿರಿನ ದಾರಿ ಭದ್ರ. ದಾಟದಿದ್ದರೆ ಏನು ಗತಿ ಎಂಬುದು ನಮ್ಮ ಸರ್ಜನ್ ಸಾಹೇಬರ ದಿನನಿತ್ಯದ ಪ್ರಶ್ನೆ.

ಸಾಹೇಬರು ವಯಸ್ಸಿನಲ್ಲಿ ಹಿರಿಯರು. ಕೈ ಬೆಣ್ಣೆ, ನಾಲಗೆ ಮೆಣಸಿನಕಾಯಿ. ನನ್ನ ನಳಿಗೆಗೆ ಅವರು ಇಟ್ಟ ಹೆಸರು ಪಿಚಕಾರಿ. "ಏನಮ್ಮ, ಪಿಚಕಾರಿ ತಂದ್ರಾ?" ಎಂದು ಕೇಳಿಯೇ ಕೈಗವಸು ಹಾಕಿಕೊಳ್ಳುತ್ತಿದ್ದರು. ನನ್ನ ಪಕ್ಷದಲ್ಲಿದ್ದವರು ಥಿಯೇಟರಿನ ಸಿಸ್ಟರ್ ಒಬ್ಬರೇ. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಯಾವುದಕ್ಕೂ ಹೆದರದ ಹೆಂಗಸು.

ಆಗ ಹೊಳೆಹೊನ್ನೂರಿನಿಂದ ಒಬ್ಬ ಪುರೋಹಿತರು ಬಂದರು. ಕತ್ತಿನಲ್ಲಿ ತೆಂಗಿನಕಾಯಿ ಗಾತ್ರದ ಗಳಗಂಡ. ಅದು ಶ್ವಾಸನಾಳವನ್ನು ಒಂದು ಪಕ್ಕಕ್ಕೆ ಒತ್ತಿಬಿಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಈಚೆಗೆ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ "ಗಟ್ಟಿಮೇಳ" ಎನ್ನಲು ಅವರಿಗೆ ಉಸಿರೇ ಸಿಗಲಿಲ್ಲವಂತೆ. ವರ ತಾಳಿ ಹಿಡಿದು ನಿಂತ, ವಾಲಗದವರು ಇವರ ಬಾಯಿ ನೋಡುತ್ತ ಕೂತರು, ಮುಹೂರ್ತ ಇನ್ನೇನು ಮೀರುವಷ್ಟರಲ್ಲಿ ಹುಡುಗಿಯ ಸೋದರಮಾವನೇ ಕೂಗಬೇಕಾಯಿತು.

"ಉಸಿರು ಹೋದ್ರೂ ಚಿಂತೆಯಿಲ್ಲ ಡಾಕ್ಟ್ರೇ, ದನಿ ಹೋಗಬಾರ್ದು. ದನಿ ಇಲ್ಲದ ಪುರೋಹಿತನ್ನ ಯಾರು ಕರೀತಾರೆ?" ಎಂದರು ಪುರೋಹಿತರು.

"ದನಿ ಹೋದ್ರೂ ಚಿಂತೆಯಿಲ್ಲ, ಉಸಿರು ಹೋಗಬಾರ್ದು. ಮನೇಲಿ ಸ್ವಲ್ಪ ಶಾಂತಿಯಾದ್ರೂ ಇರುತ್ತೆ" ಎಂದರು ಅವರ ಹೆಂಡತಿ. ತಮಾಷೆಯಾಗಿ ಹೇಳಿದರೂ ಆಕೆಯ ಕಣ್ಣು ತುಂಬಿತ್ತು.

ಸಾಹೇಬರು ಗಂಟಲು ಮುಟ್ಟಿ ನೋಡಿ ನನ್ನತ್ತ ತಿರುಗಿದರು. "ಮಲಗಿಸಿ ಈಥರ್ ಹನಿಸಿದ್ರೆ ಇವರು ನನ್ನ ಕೈಯಲ್ಲೇ ಹೋಗ್ತಾರೆ. ನಿಮ್ಮ ಪಿಚಕಾರಿ ಈ ಗಂಟಲು ದಾಟುತ್ತೆ ಅನ್ನೋ ಧೈರ್ಯ ನಿಮಗೆ ಬಂದ ದಿನ ಹೇಳಿ. ಆವತ್ತು ನಾನು ಚಾಕು ಹಿಡೀತೀನಿ." ಪುರೋಹಿತರು ಕೈ ಮುಗಿದು ಊರಿಗೆ ಹೋದರು. ಅಲ್ಲಿಂದ ನನಗೆ ಅವರದೇ ಚಿಂತೆ. ಆ ಧೈರ್ಯವನ್ನು ನನಗೆ ಯಾರು ಯಾರು ತಂದುಕೊಟ್ಟರು ಎಂಬುದೇ ಈ ಕಥೆ.

ಒಂದೂವರೆ ಬೆರಳು

ಮೊದಲು ಬಂದವರು ಅಡಿಕೆ ಮಂಡಿಯ ಸಾಹುಕಾರರು. ಹೊಟ್ಟೆಯ ಹುಣ್ಣಿನ ಆಪರೇಷನ್ ಆಗಬೇಕಿತ್ತು. ಹಿಂದಿನ ದಿನ ಗಂಟಲು ನೋಡಲು ವಾರ್ಡಿಗೆ ಹೋದೆ.

"ಬಾಯಿ ತೆಗೀರಿ ಸಾಹುಕಾರ್ರೇ."

"ತೆಗ್ದಿದೀನಲ್ಲ."

ಅವರು ಇನ್ನೂ ತೆಗೆಯಲು ಶುರುಮಾಡಿಲ್ಲವೆಂದು ನಾನು ಕಾಯುತ್ತಿದ್ದೆ, ತೆಗೆದು ಮುಗಿಯಿತೆಂದು ಅವರು ಕಾಯುತ್ತಿದ್ದರು. ಮೀಸೆ ಬರುವ ಮೊದಲೇ ಹಿಡಿದ ಅಡಿಕೆಯ ಚಟ. ಕೆನ್ನೆಯ ಒಳಭಾಗ ಒಣಗಿದ ಚರ್ಮದಂತೆ ಬಿಗಿದುಕೊಂಡು, ಬಾಯಿ ಅಡಿಕೆ ಹೋಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ನಮ್ಮ ಕಸುಬಿನಲ್ಲಿ ಬಾಯಿಯ ಅಗಲವನ್ನು ಬೆರಳಿನಲ್ಲಿ ಅಳೆಯುತ್ತೇವೆ. ಮೂರು ಬೆರಳು ಹೋದರೆ ಸಲೀಸು. ಇಲ್ಲಿ ಒಂದು ಬೆರಳು ಹೋಯಿತು, ಎರಡನೆಯದು ಉಗುರಿನವರೆಗೆ ಹೋಗಿ ನಿಂತಿತು.

"ಸಿಸ್ಟರ್, ಒಂದೂವರೆ ಬೆರಳು" ಎಂದು ನಾನು ಗಟ್ಟಿಯಾಗಿ ಹೇಳಿದೆ.

ಸಾಹುಕಾರರು ಬೆಚ್ಚಿಬಿದ್ದು ಹೆಗಲ ಮೇಲಿನ ಟವೆಲನ್ನು ಎಳೆದು ನನ್ನ ಕೈಯ ಮೇಲೆ ಹೊದಿಸಿದರು. "ಡಾಕ್ಟ್ರಮ್ಮ, ಬೆರಳಿನ ಲೆಕ್ಕಾನ ಹೀಗೆ ಬೀದೀಲಿ ಕೂಗ್ತಾರಾ? ಪಕ್ಕದ ಮಂಚದೋರೂ ಮಂಡಿಯೋರೇ." ಮಂಡಿಯಲ್ಲಿ ಕೊಳ್ಳುವವನೂ ಮಾರುವವನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ, ಮೂರನೆಯವನಿಗೆ ತಿಳಿಯಬಾರದು. ಟವೆಲಿನ ಕೆಳಗೆ ಅವರು ನನ್ನ ಎರಡು ಬೆರಳು ಒತ್ತಿದರು.

"ಎರಡು ಮಾಡ್ಕೊಳ್ಳಿ."

"ಮಾಡ್ಕೊಳ್ಳೋಕೆ ನಾನ್ಯಾರು ಸಾಹುಕಾರ್ರೇ? ನಿಮ್ಮ ಬಾಯಿ ಮಾಡ್ಬೇಕು."

"ನೀವು ಒಂಚೂರು ಏರಿ, ನಾನು ಒಂಚೂರು ಇಳೀತೀನಿ. ಒಂದೂ ಮುಕ್ಕಾಲು. ಆಗ್ಲಿ ಅನ್ನಿ." ಸಿಸ್ಟರ್ ಬಾಯಿಗೆ ಸೆರಗು... ಅಲ್ಲ, ಅವರಿಗೆ ಸೆರಗಿರಲಿಲ್ಲ, ಬಾಯಿಗೆ ಟ್ರೇ ಅಡ್ಡ ಹಿಡಿದು ನಕ್ಕರು.

ವ್ಯಾಪಾರ ಕುದುರಿದರೂ ಬಾಯಿ ಕುದುರಲಿಲ್ಲ. ನನ್ನ ಅಲಗು ಒಳಗೆ ಹೋಗುವಂತೆಯೇ ಇರಲಿಲ್ಲ. ಉಳಿದದ್ದು ಮೂಗಿನ ದಾರಿ. ರೋಗಿ ತಾನಾಗಿಯೇ ಉಸಿರಾಡುತ್ತಿರಬೇಕು. ನಾವು ಮೂಗಿನಿಂದ ನಳಿಗೆ ಇಳಿಸುತ್ತ, ಹೊರಗುಳಿದ ತುದಿಗೆ ಕಿವಿ ಕೊಟ್ಟು ಉಸಿರಿನ ಸದ್ದು ಕೇಳಬೇಕು. ಶ್ವಾಸನಾಳ ಹತ್ತಿರವಾದಂತೆ ಸದ್ದು ಜೋರಾಗುತ್ತದೆ, ದಾರಿ ತಪ್ಪಿದರೆ ನಿಂತುಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲವೂ ಕಿವಿಯ ಮೇಲೆ. "ದಯವಿಟ್ಟು ಯಾರೂ ಮಾತಾಡಬೇಡಿ" ಎಂದೆ. ಆ ಥಿಯೇಟರಿನಲ್ಲಿ ಸಾಹೇಬರು ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸದ್ದು ಹತ್ತಿರ ಬಂತು, ಹೋಯಿತು, ಮತ್ತೆ ಬಂತು. ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಕೇಳಿಸಿದ ಕೂಡಲೇ ನಳಿಗೆ ಮುಂದೂಡಿದೆ.

"ಹೋಯ್ತಾ?" ಎಂದರು ಸಾಹೇಬರು, ಪಿಸುಮಾತಿನಲ್ಲಿ.

"ಹೋಯ್ತು ಸರ್."

"ನೋಡದೇನೇ?"

"ಕೇಳಿಸ್ಕೊಂಡು ಸರ್."

ಅವರು ಕೆಲಸಕ್ಕೆ ಇಳಿದರು. ಆ ಸಾಹುಕಾರರ ಬಾಯಿ ಮೂರು ಬೆರಳು ತೆರೆದಿದ್ದರೆ ನಾನು ಈ ಕಿವಿಯ ವಿದ್ಯೆಯನ್ನು ಪುಸ್ತಕದಲ್ಲೇ ಬಿಟ್ಟುಬಿಡುತ್ತಿದ್ದೆ. ಮನೆಗೆ ಹೊರಡುವ ದಿನ ಅವರು ನನ್ನನ್ನು ಕರೆದು, "ಮೂಗು ಹಿಡಿದ್ರೆ ಬಾಯಿ ತಾನಾಗೇ ತೆರೆಯುತ್ತೆ ಅಂತಾರೆ. ನೀವು ಮೂಗೇನೋ ಹಿಡಿದ್ರಿ, ಬಾಯಿ ಅಷ್ಟೇ ಇದೆಯಲ್ಲ?" ಎಂದರು. ಅಡಿಕೆ ಬಿಡಿ, ಇಲ್ಲದಿದ್ದರೆ ಇನ್ನೂ ಬಿಗಿಯುತ್ತದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಮಂಡಿಯೋನೇ ಅಡಿಕೆ ಬಿಟ್ರೆ, ಊರೋರು ಮಾಲು ಕೆಟ್ಟಿದೆ ಅಂದ್ಕೊಳ್ಳಲ್ವಾ ಡಾಕ್ಟ್ರಮ್ಮ?"

ಅಸಲಿ ಮಾಲು

ಭದ್ರಾವತಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ ಸಾಹೇಬರೊಬ್ಬರು ಪಿತ್ತಕೋಶದ ಕಲ್ಲಿಗೆಂದು ಬಂದರು. ಮನುಷ್ಯ ದೇವರಂಥವರು, ಗಂಟಲೂ ಪರವಾಗಿಲ್ಲ. ತೊಂದರೆ ಇದ್ದದ್ದು ಗಡ್ಡದಲ್ಲಿ. ಎದೆಯವರೆಗೆ ಇಳಿದ ತುಂಬು ಗಡ್ಡ.

ನಳಿಗೆ ಹಾಕುವ ಮೊದಲು ರಬ್ಬರಿನ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು ಆಮ್ಲಜನಕ ಕೊಡುತ್ತೇವೆ. ನಳಿಗೆ ದಾಟದೆ ಹೋದರೆ ರೋಗಿಯ ಜೀವ ನಿಲ್ಲುವುದೂ ಆ ಮಾಸ್ಕಿನ ಮೇಲೆಯೇ. ಗಡ್ಡವಿದ್ದರೆ ಮಾಸ್ಕು ಕೂರದೆ ಸುತ್ತಲಿಂದ ಗಾಳಿ ಸೋರುತ್ತದೆ.

"ಬೋಳಿಸಿ" ಎಂದರು ಸರ್ಜನ್, ತಲೆ ಎತ್ತದೆ.

ರೋಗಿ ಎರಡೂ ಕೈಯಿಂದ ಗಡ್ಡ ಹಿಡಿದುಕೊಂಡು ನನ್ನನ್ನು ನೋಡಿದರು. ನನಗೆ ಪಾಪ ಅನ್ನಿಸಿತು. "ಗಡ್ಡ ಇರ್ಲಿ ಸಾಹೇಬ್ರೇ. ಗಾಳಿ ಸೋರದ ಹಾಗೆ ಜಿಡ್ಡು ಏನಾದ್ರೂ ಹಚ್ಚಿದ್ರೆ ಸಾಕು" ಎಂದೆ. ಅವರ ಮುಖ ಅರಳಿತು. "ಅಷ್ಟೇನಾ? ಆ ಚಿಂತೆ ನನಗೆ ಬಿಡಿ ಡಾಕ್ಟ್ರಮ್ಮ" ಎಂದು ಎದೆ ತಟ್ಟಿಕೊಂಡು ಊರಿಗೆ ಹೋದರು.

ಆಪರೇಷನ್ ದಿನ ಬೆಳಿಗ್ಗೆ ಬಂದವರನ್ನು ನೋಡಿ ನನಗೆ ಗುರುತೇ ಹತ್ತಲಿಲ್ಲ. ನೆರೆತ ಗಡ್ಡ ಕಾಡಿಗೆಯ ಹಾಗೆ ಕಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು. ಹಿಂದೆ ನಿಂತ ಅವರ ಹೆಂಡತಿ ಹಣೆ ಚಚ್ಚಿಕೊಂಡರು. "ಕ್ಯಾ ಬೋಲ್ನಾ ಡಾಕ್ಟ್ರಮ್ಮ, ತಕಿಯಾ ಭೀ ಕಾಲಾ, ಚಾದರ್ ಭೀ ಕಾಲಾ." ದಿಂಬೂ ಕಪ್ಪಾಗಿತ್ತಂತೆ, ಹೊದಿಕೆಯೂ ಕಪ್ಪಾಗಿತ್ತಂತೆ.

"ಏನು ಹಚ್ಚಿದ್ದೀರಿ ಸಾಹೇಬ್ರೇ?"

"ಗ್ರೀಸು. ಲಾರಿ ಚಕ್ರಕ್ಕೆ ಹಾಕೋ ಅಸಲಿ ಮಾಲು. ಆಗುಂಬೆ ಘಾಟಿ ಹತ್ತಿದ್ರೂ ಕರಗಲ್ಲ. ಗಾಳಿಯಲ್ಲ, ಭೂತಾನೂ ಲೀಕ್ ಆಗಲ್ಲ." ಸಾಲದಿದ್ದರೆ ಬೇಕಾದೀತೆಂದು ಡಬ್ಬವನ್ನೂ ತಂದಿದ್ದರು.

ಸಿಸ್ಟರ್ ತೋಳು ಮೇಲೆ ಮಾಡಿಕೊಂಡು ಬಿಸಿನೀರು, ಸೀಗೆಕಾಯಿ ಹಿಡಿದು ಕೂತರು. "ನಾನು ಬಾಣಂತಿಯರಿಗೆ ಎರೆದಿದ್ದೇನೆ, ಮಕ್ಕಳಿಗೆ ಎರೆದಿದ್ದೇನೆ. ಲಾರಿಯ ಆಕ್ಸಲ್ ತೊಳೆಯುದು ಇದೇ ಮೊದಲು ಮಾರಾಯ್ರೆ" ಎಂದು ಗೊಣಗುತ್ತ ತಿಕ್ಕಿದರು. ಕೊನೆಗೆ ಗಡ್ಡ ತನ್ನ ಬಣ್ಣಕ್ಕೆ ಬಂತು. ವ್ಯಾಸಲೀನ್ ಸವರಿ, ಒದ್ದೆ ಬಟ್ಟೆಯ ಪಟ್ಟಿ ಸುತ್ತ ಇಟ್ಟು ಮಾಸ್ಕು ಒತ್ತಿದೆ. ತೊಟ್ಟು ಗಾಳಿ ಸೋರಲಿಲ್ಲ. ಗಡ್ಡವಿರಲಿ, ಬೋಳಿರಲಿ, ನಳಿಗೆಗೆ ಮೊದಲು ಮಾಸ್ಕಿನ ಆಸರೆ ಗಟ್ಟಿ ಮಾಡಿಕೊಳ್ಳಬೇಕೆಂಬ ಬುದ್ಧಿ ನನ್ನ ಕೈಗೆ ಕೂತದ್ದು ಆ ದಿನ. ಎಚ್ಚರವಾದಾಗ ಅವರು ಮೊದಲು ಕೇಳಿದ್ದು ಕಲ್ಲಿನ ಸುದ್ದಿಯನ್ನಲ್ಲ, ಲೀಕಿನ ಸುದ್ದಿಯನ್ನು. ಆಗಲಿಲ್ಲ ಎಂದಾಗ ಕಣ್ಣು ಮುಚ್ಚಿ ದೇವರಿಗೆ ಶುಕ್ರ್ ಹೇಳಿ, ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಇಂದಿಗೂ ಆ ಕೈಯ ಭಾರ ನೆನಪಿದೆ.

ಕೆಲವು ತಿಂಗಳ ಮೇಲೆ ನಾನೂ ಸರ್ಜನ್ ಸಾಹೇಬರೂ ಭದ್ರಾವತಿಗೆ ಹೊರಟಾಗ ಮಲವಗೊಪ್ಪದ ಹತ್ತಿರ ಅವರ ಕಾರು ನಿಂತುಬಿಟ್ಟಿತು. ಯಾರೋ ಹೋಗಿ ಕರೆತಂದ ಮೆಕ್ಯಾನಿಕ್ ನಮ್ಮ ಗಡ್ಡದ ಸಾಹೇಬರೇ. ಬಾನೆಟ್ ಎತ್ತಿ, ಬಗ್ಗಿ ನೋಡಿ, ಗಂಭೀರವಾಗಿ ತಲೆ ಆಡಿಸಿದರು.

"ಎಲ್ಲೋ ಗಾಳಿ ಸೋರ್ತಾ ಇದೆ ಸಾಬ್. ಹೆದರ್ಬೇಡಿ, ನಾನೇನೂ ಬೋಳಿಸಲ್ಲ."

ಒಂಟಿ ಹಲ್ಲು

ಆಪರೇಷನ್ನಿಗೆ ಬಂದ ಹೊಸಮನೆ ಬಡಾವಣೆಯ ಅಜ್ಜಿಯೊಬ್ಬರಿಗೆ ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು. ಅದೂ ಮೇಲಿನ ಸಾಲಿನ ನಟ್ಟನಡುವೆ, ನನ್ನ ಅಲಗು ಹೋಗುವ ದಾರಿಯಲ್ಲೇ. ಅದೂ ಅಲ್ಲಾಡುತ್ತಿತ್ತು. ಕೆಲಸದ ನಡುವೆ ಉದುರಿ ಶ್ವಾಸನಾಳಕ್ಕೆ ಬಿದ್ದರೆ ಫಜೀತಿ. ತೆಗೆದುಬಿಡೋಣ ಎಂದೆ.

"ಬೇಡ ಮಾರಾಯ್ತಿ. ಇದೊಂದು ಇರೋದ್ರಿಂದಲೇ ಸೊಸೆ ನನಗೂ ಚಕ್ಕುಲಿ ಕೊಡ್ತಾಳೆ. ಇದೂ ಹೋದ್ರೆ ಗಂಜಿಗೆ ಹಾಕ್ತಾಳೆ" ಎಂದರು ಅಜ್ಜಿ.

ಚಕ್ಕುಲಿಯ ಹಕ್ಕನ್ನು ಕಸಿಯಲು ನನಗೆ ಮನಸ್ಸಾಗಲಿಲ್ಲ. ಹೊಲಿಗೆಯ ರೇಷ್ಮೆ ದಾರವನ್ನು ಹಲ್ಲಿನ ಬುಡಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸಿದೆ. ಬಿದ್ದರೂ ದೂರ ಹೋಗುವಂತಿರಲಿಲ್ಲ. ಅಲಗನ್ನು ಬಾಯಿಯ ಪಕ್ಕದಿಂದ ತೂರಿಸಿ, ಹಲ್ಲನ್ನು ಮುಟ್ಟದೆ ನಳಿಗೆ ದಾಟಿಸಿದೆ. ನೇರ ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಪಕ್ಕದಿಂದ ಹೋಗುವುದೇ ಮರ್ಯಾದೆ ಎಂದು ಆ ಹಲ್ಲು ಕಲಿಸಿತು.

ಆಪರೇಷನ್ ಆದ ಮೇಲೆ ದಾರ ಬಿಚ್ಚಲು ಹೋದರೆ ಅಜ್ಜಿ ಒಪ್ಪಲಿಲ್ಲ. ಡಾಕ್ಟರು ಕಟ್ಟಿದ ದಾರ, ರಕ್ಷೆ ಎಂದು ಹೇಳಿ ಅದಕ್ಕೆ ಅರಿಶಿನ ಹಚ್ಚಿಸಿಕೊಂಡರು. ನೋಡಲು ಬಂದ ನೆರೆಯವರಿಗೆಲ್ಲ ಬಾಯಿ ತೆರೆದು ತೋರಿಸಿದರು. ಒಂದು ದಿನ ಅಜ್ಜಿ ಮತ್ತೆ ಬಂದರು. ಅಂಗೈಯಲ್ಲಿ ಅರಿಶಿನದ ದಾರ, ದಾರದ ತುದಿಯಲ್ಲಿ ಹಲ್ಲು.

"ಚಕ್ಕುಲಿ ಕಚ್ಚಿದೆ, ಕಿತ್ತುಬಂತು. ನೋಡು, ನೀನು ಕಟ್ಟಿದ ಗಂಟು ಮಾತ್ರ ಬಿಟ್ಟಿಲ್ಲ. ದಾರ ಗಟ್ಟಿಯಾಗಿದೆ, ಇನ್ನೊಂದು ಹಲ್ಲಿಗೆ ಕಟ್ಟು."

"ಇನ್ನೊಂದು ಹಲ್ಲು ಎಲ್ಲಿದೆ ಅಜ್ಜಿ?"

"ಸೊಸೇದಿದೆಯಲ್ಲ. ಕಟ್ಟಿದ್ರೆ ಮಾತಾದ್ರೂ ಕಮ್ಮಿ ಆಗುತ್ತೆ."

ಕೂತಲ್ಲೇ ಕುಂಭಕ

ಅಷ್ಟರಲ್ಲಿ ಹೊಳೆಹೊನ್ನೂರಿನ ಪುರೋಹಿತರ ಉಸಿರು ಸಿಳ್ಳೆ ಹಾಕಲು ಶುರುವಾಗಿತ್ತು. ಹೆಂಡತಿ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದರು. ಮಂತ್ರದ ನಡುವೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಇನ್ನು ಕಾಯುವ ಹಾಗಿರಲಿಲ್ಲ. ನಾನು ಸರ್ಜನ್ ಸಾಹೇಬರ ಮುಂದೆ ನಿಂತು, "ಸರ್, ನಾನು ತಯಾರು" ಎಂದೆ.

ನನ್ನ ಯೋಜನೆ ಇಷ್ಟೇ. ಮಲಗಿಸಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ಮಲಗಿಸುವುದು ಬೇಡ. ನಿದ್ದೆ ಬರಿಸಿದರೆ ಉಸಿರು ನಿಲ್ಲಬಹುದು, ಆದ್ದರಿಂದ ನಿದ್ದೆಯೂ ಬೇಡ. ಮೂಗು ಗಂಟಲು ಮರಗಟ್ಟುವ ಔಷಧಿ ಸಿಂಪಡಿಸಿ, ಅವರು ಎಚ್ಚರವಾಗಿ ಕೂತಿರುವಾಗಲೇ, ಸಾಹುಕಾರರಿಗೆ ಮಾಡಿದ ಹಾಗೆ ಉಸಿರಿನ ಸದ್ದು ಹಿಡಿದು ನಳಿಗೆ ದಾಟಿಸಬೇಕು. ದಾಟಿದ ಮೇಲೆ ನಿದ್ದೆ.

ಆಪರೇಷನ್ ಟೇಬಲ್ಲಿನ ಮೇಲೆ ಪುರೋಹಿತರು ಚಕ್ಕಳಮಕ್ಕಳ ಹಾಕಿ ಕೂತರು. ಸಾಹೇಬರು ಒಳಗೆ ಬಂದು ನೋಡಿ, "ಇದೇನಮ್ಮ, ಆಪರೇಷನ್ನೋ ಸತ್ಯನಾರಾಯಣ ಪೂಜೆಯೋ?" ಎಂದರು. ಆದರೂ ದಾರಿ ತಪ್ಪಿದರೆ ಕತ್ತಿನಲ್ಲೇ ರಂಧ್ರ ಮಾಡಲು ಚಾಕು ಹಿಡಿದು ಪಕ್ಕದಲ್ಲೇ ನಿಂತರು. ಆ ಚಾಕು ನೋಡಿ ನನಗೆ ಸಮಾಧಾನವಾಯಿತು, ಪುರೋಹಿತರಿಗೆ ಆಗಲಿಲ್ಲ.

ಔಷಧಿ ಸಿಂಪಡಿಸಿ, "ಗಾಬರಿಯಾಗಬೇಡಿ. ನಿಧಾನವಾಗಿ ಆಳವಾಗಿ ಉಸಿರಾಡಿ, ಅಷ್ಟೇ ಸಾಕು" ಎಂದೆ. ಅವರು ಕಣ್ಣು ಮುಚ್ಚಿದರು. ನಳಿಗೆ ಮೂಗಿನಿಂದ ಇಳಿಯಿತು. ತುದಿಗೆ ಕಿವಿಯಿಟ್ಟೆ. ಸಣ್ಣ ಸಿಳ್ಳೆ, ಆಮೇಲೆ ದೊಡ್ಡ ಸದ್ದು, ಇನ್ನೂ ಹತ್ತಿರ. ಇನ್ನೇನು ದಾಟಿಸಬೇಕು ಎನ್ನುವಾಗ ಸದ್ದು ನಿಂತುಹೋಯಿತು.

ಪೂರ್ತಿ ನಿಂತುಹೋಯಿತು. ನಳಿಗೆಯನ್ನು ಆಚೆ ಈಚೆ ತಿರುಗಿಸಿದೆ, ಏನೂ ಇಲ್ಲ. ನನ್ನ ಎದೆ ಬಡಿತ ಮಾತ್ರ ಕಿವಿಗೆ ಕೇಳುತ್ತಿತ್ತು. "ಸರ್, ಉಸಿರು ನಿಂತಿದೆ" ಎಂದೆ. ಸಾಹೇಬರು ಚಾಕು ಎತ್ತಿದರು. ಆಗ ಪುರೋಹಿತರು ಕಣ್ಣು ಮುಚ್ಚಿಕೊಂಡೇ ಎಡಗೈ ಎತ್ತಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿದರು. ಬಲಗೈಯ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ಮನುಷ್ಯ ಒಳಗೊಳಗೇ ಗಾಯತ್ರಿ ಎಣಿಸುತ್ತ ಪ್ರಾಣಾಯಾಮ ಮಾಡುತ್ತಿದ್ದಾರೆ. ನಾನು ಆಳವಾಗಿ ಉಸಿರಾಡಿ ಎಂದೆನಲ್ಲ, ಅವರಿಗೆ ಗೊತ್ತಿದ್ದ ಆಳದ ಉಸಿರು ಅದೊಂದೇ. ಒಳಗೆಳೆದದ್ದನ್ನು ಹಿಡಿದಿಟ್ಟುಕೊಳ್ಳುವ ಕುಂಭಕದಲ್ಲಿದ್ದರು.

ನಾನು, ಸಾಹೇಬರು, ಸಿಸ್ಟರ್, ಮೂವರೂ ಕುಂಭಕದಲ್ಲೇ ನಿಂತೆವು. ಕೊನೆಗೆ ಅವರು ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟು, ಮತ್ತೆ ಒಳಗೆಳೆಯಲು ಶುರುಮಾಡಿದರು. ಎಂಥ ಉಸಿರದು! ಎಷ್ಟೋ ವರ್ಷ ಸಂಧ್ಯಾವಂದನೆಯಲ್ಲಿ ಪಳಗಿದ ಉಸಿರು, ಉದ್ದಕ್ಕೆ, ಒಂದೇ ಸಮ. ಹಾಗೆ ಎಳೆಯುವಾಗ ಧ್ವನಿತಂತುಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ನಳಿಗೆ ಆ ಉಸಿರಿನ ಜೊತೆಗೇ ಜಾರಿ ಒಳಗೆ ಹೋಯಿತು. ಅಷ್ಟು ಕಷ್ಟದ ಗಂಟಲು ಅಷ್ಟು ಸುಲಭವಾಗಿ ದಾಟಿದ್ದು ನನ್ನ ಜಾಣತನದಿಂದಲ್ಲ. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಸಾಹೇಬರು ಚಾಕು ಕೆಳಗಿಟ್ಟು ಹಣೆ ಒರೆಸಿಕೊಂಡರು. "ಅಮ್ಮ, ಮುಂದಿನ ಸಲ ಉಸಿರು ನಿಂತಿದೆ ಅನ್ನೋ ಮುಂಚೆ, ರೋಗಿ ಯಾವ ಮಂತ್ರದಲ್ಲಿದ್ದಾರೆ ಅಂತ ಒಂದು ಮಾತು ಕೇಳ್ಬಿಡಿ."

ಮೌನ

ನಿದ್ದೆ ಬಂದ ಮೇಲೆ ಕತ್ತನ್ನು ಒರೆಸಿ ಸಿದ್ಧಮಾಡಬೇಕಿತ್ತು. ಜನಿವಾರ ಅಡ್ಡ ಬರುತ್ತಿತ್ತು. ಅವರ ಹೆಂಡತಿ ಮೊದಲೇ ಕೈ ಮುಗಿದು ಕೇಳಿಕೊಂಡಿದ್ದರು, ಅದನ್ನು ಕತ್ತರಿಸಬಾರದು, ಮೈಬಿಟ್ಟು ಹೋಗಬಾರದು ಎಂದು.

"ಡಾಕ್ಟ್ರೇ, ಇದನ್ನು ಎಲ್ಲಿ ಇಡುದು? ಒಂದು ಕೈಗೆ ಬಿ.ಪಿ. ಪಟ್ಟಿ ಉಂಟು, ಇನ್ನೊಂದಕ್ಕೆ ಗ್ಲೂಕೋಸು" ಎಂದರು ಸಿಸ್ಟರ್.

ನಾನು ನಳಿಗೆ ಹಿಡಿದು ನಿಂತಿದ್ದೆ. "ಮೈಮೇಲೆ ಇದ್ರಾಯ್ತು ಸಿಸ್ಟರ್, ಎಲ್ಲಾದ್ರೂ ಜೋಪಾನ ಮಾಡಿ."

"ಜಾಗ ಸಿಕ್ಕಿತು" ಎಂದು ಸಿಸ್ಟರ್ ತಲೆಗೆ ಬಟ್ಟೆ ಸುತ್ತಿದರು.

ಸಾಹೇಬರ ಕೈಯ ಬೆಣ್ಣೆತನವನ್ನು ನಾನು ಆ ದಿನ ಕಂಡಷ್ಟು ಯಾವತ್ತೂ ಕಾಣಲಿಲ್ಲ. ಗಳಗಂಡದ ಹಿಂದೆಯೇ ದನಿಯ ನರಗಳು ಹಾದುಹೋಗುತ್ತವೆ, ದಾರದೆಳೆಯಷ್ಟು ಸಣ್ಣವು. ಒಂದಕ್ಕೆ ಪೆಟ್ಟಾದರೂ ದನಿ ಒಡೆಯುತ್ತದೆ. ಸಾಹೇಬರು ಬೈಯದೆ, ಮಾತಾಡದೆ ಕೆಲಸ ಮುಗಿಸಿದರು. ಪುರೋಹಿತರು ಕಣ್ಣು ಬಿಟ್ಟ ಮೇಲೆ ನಳಿಗೆ ತೆಗೆದೆ. ಸಿಳ್ಳೆ ಇರಲಿಲ್ಲ, ಮಗುವಿನ ಹಾಗೆ ಸದ್ದಿಲ್ಲದ ಉಸಿರು. ಇನ್ನು ಉಳಿದದ್ದು ದನಿ.

ಸಾಹೇಬರು ಬಗ್ಗಿದರು. "ಪುರೋಹಿತ್ರೇ, ಏನಾದ್ರೂ ಮಾತಾಡಿ."

ಪುರೋಹಿತರು ಅವರನ್ನೇ ನೋಡಿದರು. ಮಾತಿಲ್ಲ.

"ನಿಮ್ಮ ಹೆಸರು ಹೇಳಿ."

ಮಾತಿಲ್ಲ.

"ಹೋಗ್ಲಿ, ಬರೀ ಆ ಅನ್ನಿ."

ಪುರೋಹಿತರ ಕೈ ಮೆಲ್ಲಗೆ ಬಲಗಿವಿಯ ಕಡೆ ಹೋಗಿ, ತಲೆಗೆ ಸುತ್ತಿದ ಬಟ್ಟೆಯೊಳಗೆ ತಡಕಾಡಿತು. ಆಮೇಲೆ ತುಟಿ ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿತು. ಆಗುವುದಿಲ್ಲ ಎಂದು ತಲೆ ಆಡಿಸಿದರು.

ಸಾಹೇಬರ ಮುಖ ಸುಣ್ಣದ ಹಾಗಾಯಿತು. ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಪಿಚಕಾರಿ ಧ್ವನಿಪೆಟ್ಟಿಗೆಗೆ ತಗುಲಿರ್ಬೇಕು" ಎಂದರು. "ಇಲ್ಲ ಸರ್, ಸಲೀಸಾಗಿ ಹೋಯ್ತು. ನಿಮ್ಮ ಚಾಕು ಏನಾದ್ರೂ" ಎಂದು ನಾನೂ ಹೇಳಿಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆ ಕ್ಷಣ ಇಬ್ಬರಿಗೂ ಗೆಲ್ಲುವ ಆಸೆ ಇರಲಿಲ್ಲ. ದನಿಯನ್ನು ನಂಬಿ ಬದುಕಿದ ಮನುಷ್ಯನಿಗೆ ನಾವು ಏನು ಮಾಡಿಬಿಟ್ಟೆವು ಎಂಬುದೊಂದೇ ಚಿಂತೆ.

ಅತ್ತ ಪುರೋಹಿತರು ಸನ್ನೆ ಮಾಡತೊಡಗಿದ್ದರು. ಅಂಗೈ ಬೊಗಸೆ ಮಾಡಿ ತೋರಿಸಿದರು.

"ನೀರು ಬೇಕಂತೆ" ಎಂದರು ಸಿಸ್ಟರ್. "ಈಗ ಕುಡಿಯಲಿಕ್ಕಿಲ್ಲ, ವಾಂತಿ ಆಗ್ತದೆ."

ಪುರೋಹಿತರು ಸಿಟ್ಟಿನಿಂದ ತಲೆ ಆಡಿಸಿ ಎರಡೂ ಕೈ ಉಜ್ಜಿ ತೋರಿಸಿದರು. ಪಾದ ಮುಟ್ಟಿ ತೋರಿಸಿದರು. ಮತ್ತೆ ಕೈ ಉಜ್ಜಿದರು.

ಸಾಹೇಬರು ಹೌಹಾರಿದರು. ಈ ಆಪರೇಷನ್ನಿನಲ್ಲಿ ಗಳಗಂಡದ ಹಿಂದಿನ ಪುಟ್ಟ ಗ್ರಂಥಿಗಳು ಹೋದರೆ ಮೈಯಲ್ಲಿ ಸುಣ್ಣದಂಶ ಕಮ್ಮಿಯಾಗಿ ಕೈಕಾಲು ಜುಮುಗುಡುತ್ತದೆ. "ದನೀನೂ ಹೋಯ್ತು, ಈಗ ಕೈಕಾಲೂ ಜುಮ್ ಅಂತಿದೆಯಂತೆ. ಕ್ಯಾಲ್ಸಿಯಂ ತನ್ನಿ ಸಿಸ್ಟರ್, ಬೇಗ. ಮತ್ತೆ ಅವರ ಹೆಂಡ್ತೀನ ಕರೀರಿ. ನಾನೇ ಹೇಳ್ತೀನಿ."

ಆಕೆ ಸೆರಗು ಹೊದ್ದು ಒಳಗೆ ಬಂದರು. ಯಾರಿಗೂ ತಲೆಬಾಗದ ಸಾಹೇಬರು ಆಕೆಯ ಮುಂದೆ ಟೋಪಿ ತೆಗೆದು ನಿಂತರು. "ತಾಯಿ, ಧೈರ್ಯ ತಂದ್ಕೊಳ್ಳಿ. ಉಸಿರು ಉಳೀತು. ಆದ್ರೆ ದನಿ..." ಮುಂದೆ ಅವರಿಗೂ ದನಿ ಹೊರಡಲಿಲ್ಲ.

ಆಕೆ ಅವರ ಮಾತು ಕೇಳುತ್ತಲೇ ಇರಲಿಲ್ಲ. ಗಂಡನ ಹತ್ತಿರ ಹೋಗಿ ತಲೆಯ ಬಟ್ಟೆ ಸರಿಸಿದರು. ಬಲಗಿವಿಗೆ ಜನಿವಾರ ಒತ್ತಾಗಿ ಸುತ್ತಿಕೊಂಡು ಕೂತಿತ್ತು.

"ಇದನ್ನ ಇಲ್ಲಿ ಯಾರು ಸುತ್ತಿದ್ದು?"

"ನಾನು" ಎಂದರು ಸಿಸ್ಟರ್. "ನಮ್ಮೂರಿನ ಭಟ್ರು ಬೆಳಿಗ್ಗೆ ಚೊಂಬು ಹಿಡಿದು ಗುಡ್ಡೆ ಕಡೆ ಹೋಗುವಾಗ ಅಲ್ಲೇ ಇಟ್ಟುಕೊಳ್ಳುದು ನಾನು ನೋಡಿದ್ದೇನೆ. ಜೋಪಾನದ ಜಾಗ ಅದೇ ಅಂತ ಗ್ರಹಿಸಿದೆ."

ಬಹಿರ್ದೆಸೆಗೆ ಹೋಗುವಾಗ ಕಿವಿಗೇರಿಸಿದ ಜನಿವಾರವನ್ನು, ಕೈಕಾಲು ತೊಳೆದು ಕೆಳಗಿಳಿಸುವವರೆಗೆ ಒಂದು ಮಾತೂ ಆಡಬಾರದು. ಪುರೋಹಿತರು ಉಪನಯನವಾದಾಗಿನಿಂದ ಪಾಲಿಸಿದ ಮಡಿ. ಈಥರಿನ ಮಬ್ಬಿನಲ್ಲಿ ಅವರಿಗಿಂತ ಮೊದಲು ಅವರ ಮಡಿಗೆ ಎಚ್ಚರವಾಗಿತ್ತು.

"ಕುಡಿಯೋಕಲ್ಲ, ತೊಳ್ಕೊಳ್ಳೋಕೆ ನೀರು ಕೇಳ್ತಿದಾರೆ" ಎಂದು ಆಕೆ ಚೊಂಬು ಇಸಿದುಕೊಂಡರು. ಸಿಸ್ಟರ್ ಎನಾಮಲ್ ಬೇಸಿನ್ ಹಿಡಿದರು. ಸರ್ಜನ್ ಸಾಹೇಬರು ತಾವೇ ಬಗ್ಗಿ ಪುರೋಹಿತರ ಕಾಲನ್ನು ಎತ್ತಿ ಹಿಡಿದರು. ಕೈ ತೊಳೆದದ್ದಾಯಿತು, ಕಾಲು ತೊಳೆದದ್ದಾಯಿತು, ಒದ್ದೆ ಬಟ್ಟೆಯಿಂದ ತುಟಿ ಒರೆಸಿದ್ದಾಯಿತು. ಆಕೆ ಜನಿವಾರವನ್ನು ಕಿವಿಯಿಂದ ಬಿಡಿಸಿ ಹೆಗಲಿಗೆ ಇಳಿಸಿದರು. ನಾನು ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು ನಿಂತಿದ್ದೆ.

ಪುರೋಹಿತರು ನಮ್ಮೆಲ್ಲರನ್ನೂ ಒಮ್ಮೆ ನೋಡಿ ಬಾಯಿ ತೆರೆದರು. ಕಲ್ಯಾಣಮಂಟಪದ ಕೊನೆಯ ಸಾಲಿಗೂ ಕೇಳುವಂಥ ದನಿ, ಒಂದೆಳೆಯೂ ಒಡೆಯದ ದನಿ, ಬಾಗಿಲು ದಾಟಿ ವಾರ್ಡಿನ ಆ ತುದಿಯವರೆಗೂ ಹೋಯಿತು. ಸರ್ಜನ್ ಸಾಹೇಬರು ಅವರ ಒದ್ದೆ ಕಾಲು ಹಿಡಿದುಕೊಂಡೇ ಅತ್ತರು, ನಾನೂ ಅತ್ತೆ, ಬೇಸಿನ್ ಹಿಡಿದ ಸಿಸ್ಟರೂ ಅತ್ತರು. ಪುರೋಹಿತರು ಕೇಳಿದ್ದು ಇಷ್ಟೇ:

"ಅಲ್ರೀ, ಕಿವಿ ಮೇಲಿತ್ತು ಅಂದ್ಮೇಲೆ ಹೊರಟಿದ್ದಂತೂ ಖರೆ. ನಾನು ಹೋಗಿ ಬಂದಾಯ್ತೋ, ಇನ್ನೂ ಹೋಗ್ಬೇಕೋ?"